ಬಂಡೆಯ ಪದರಗಳನ್ನು ಅಳೆದು ಬರೆದುಕೊಳ್ಳುವುದು ಹೇಗೆ? ಬಾದಾಮಿ ಸೀಮೆಯಲ್ಲಿ ಒಂದು ದಿನದ ಕೆಲಸ

ಬಾದಾಮಿಗೆ ಹೋದವರೆಲ್ಲ ಗುಹೆ ನೋಡುತ್ತಾರೆ. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹಿಂದೆ ನಿಂತ ಕೆಂಪು ಬಂಡೆಯನ್ನು ಎರಡು ನಿಮಿಷ ಸುಮ್ನೆ ದಿಟ್ಟಿಸಿ ನೋಡಿ. ಕೌದಿ ಮೇಲೆ ಕೌದಿ ಮಡಿಚಿಟ್ಟ ಹಾಗೆ ಅಡ್ಡಡ್ಡ ಪದರಗಳು ಕಾಣುತ್ತವೆ. ಒಂದು ಗೇಣು ದಪ್ಪದ್ದು, ಒಂದು ಆಳೆತ್ತರದ್ದು, ಒಂದು ಬೆರಳಿನಷ್ಟೇ ದಪ್ಪದ್ದು. ಇವನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅಳೆದು, ನೋಡಿದ್ದನ್ನು ನೋಡಿದ ಹಾಗೆ ಬರೆದುಕೊಳ್ಳುವುದು ಭೂವಿಜ್ಞಾನದ ಫೀಲ್ಡ್‌ವರ್ಕ್‌ನಲ್ಲಿ ಮೊದಲು ಕಲಿಯುವ ಕೆಲಸ. ಸುಲಭ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ನನ್ನ ಮೊದಲ ಅಳತೆ ಇದೇ ಸೀಮೆಯ ಒಂದು ಹಳ್ಳದಲ್ಲಿ. ಹಳ್ಳದ ತಳ ಹೆಚ್ಚುಕಡಿಮೆ ಸಮತಟ್ಟು. ಟೇಪು ಹಿಡಿದು 100 ಮೀಟರ್ ನಡೆದೆ. ಪದರ 20 ಡಿಗ್ರಿ ವಾಲಿದೆ ಎಂದು ಕಂಪಾಸ್ ಹೇಳಿತು. ಲೆಕ್ಕ ಹಾಕಿದರೆ 34 ಮೀಟರ್ ದಪ್ಪದ ಮರಳುಗಲ್ಲು. ಸಂಜೆ ಹೆಮ್ಮೆಯಿಂದ ತೋರಿಸಿದೆ. ಮೇಷ್ಟ್ರು ಪುಸ್ತಕ ನೋಡಲೇ ಇಲ್ಲ. "ಎದುರಿನ ಗುಡ್ಡದ ಗೆರೆ ಎಷ್ಟು ವಾಲಿದೆ, ನೋಡಿ ಹೇಳು" ಅಂದರು. ಅದು 3 ಡಿಗ್ರಿಗಿಂತ ಜಾಸ್ತಿ ಇರಲಿಲ್ಲ. ಹಾಗಾದರೆ ನಾನು ಅಳೆದ ಕಲ್ಲಿನ ದಪ್ಪ 5 ಮೀಟರ್ ಚಿಲ್ಲರೆ! ಟೇಪು ಸರಿ, ಕಂಪಾಸೂ ಸರಿ. ನಾನು ಇಟ್ಟ ಜಾಗ ತಪ್ಪು. ಅದು ಹೇಗಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಈ ಬರಹದ ಅರ್ಧ ಭಾಗ ಅಂಥ ತಪ್ಪುಗಳಿಂದ ತಪ್ಪಿಸಿಕೊಳ್ಳುವುದರ ಬಗ್ಗೆಯೇ ಇದೆ.

ಹೊರಡುವ ಮುನ್ನ

ಯಾವ ಕಲ್ಲಿನ ಮೇಲೆ ನಿಲ್ಲುತ್ತೀರಿ ಎಂದು ಸ್ವಲ್ಪ ಓದಿಕೊಂಡು ಹೋಗಿ. ಈ ಸೀಮೆಯ ಪದರಗಳಿಗೆ ಕಲಾದಗಿ ಎಂಬ ಊರಿನ ಹೆಸರಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರ ವರದಿಯಲ್ಲಿ ಇವನ್ನು ವಿವರವಾಗಿ ಬರೆದರು. ಈಗ ಇವನ್ನು ಎರಡು ಗುಂಪು ಮಾಡಿ ನೋಡುತ್ತಾರೆ. ಕೆಳಗಿನದು ಬಾಗಲಕೋಟೆ ಗುಂಪು. ಅದರಲ್ಲಿ ಗಟ್ಟಿ ಮರಳುಗಲ್ಲು, ಶೇಲ್ (ಕೆಸರು ಗಟ್ಟಿಯಾಗಿ ಆದ ಹಾಳೆ ಹಾಳೆ ಕಲ್ಲು), ಸುಣ್ಣಕಲ್ಲು, ಡಾಲಮೈಟ್ (ಮೆಗ್ನೀಸಿಯಂ ಸೇರಿದ, ಸುಣ್ಣಕಲ್ಲಿನಂಥ ಕಲ್ಲು) ಇವೆ, ಮತ್ತು ಅವು ಮಡಿಚಿಕೊಂಡು ವಾಲಿವೆ. ಅದರ ಮೇಲೆ ಕೂತದ್ದು ಬಾದಾಮಿ ಗುಂಪು. ಅದು ಬಹುಪಾಲು ಮಟ್ಟಸವಾಗಿ ಮಲಗಿದೆ. ಎರಡೂ ಪ್ರೊಟೆರೊಜೋಯಿಕ್ ಕಾಲದವು, ಅಂದರೆ ಚಿಪ್ಪು, ಮೂಳೆ ಇರುವ ಪ್ರಾಣಿಗಳು ಬರುವುದಕ್ಕಿಂತ ಹಿಂದಿನವು. ಶಂಖ, ಚಿಪ್ಪು, ಮೂಳೆ ಹುಡುಕಿಕೊಂಡು ಹೋಗಬೇಡಿ, ಸಿಗುವುದಿಲ್ಲ. ಇಲ್ಲಿ ಪದರ ಗುರುತಿಸಲು ಕಣ, ಬಣ್ಣ, ಗೆರೆ, ಅಂಚು ಇವೇ ಆಧಾರ.

ಚೀಲದಲ್ಲಿ ಇರಬೇಕಾದದ್ದು ಇಷ್ಟು: ವಾಲಿಕೆ ಅಳೆಯುವ ಕ್ಲೈನೊಮೀಟರ್ ಇರುವ ಕಂಪಾಸ್ (ಭೂವಿಜ್ಞಾನಿಗಳು ಬಳಸುವ ಬ್ರಂಟನ್ ಕಂಪಾಸ್ ಇದ್ದರೆ ಒಳ್ಳೆಯದು), 30 ಮೀಟರಿನ ಬಟ್ಟೆ ಟೇಪು, 3 ಅಥವಾ 5 ಮೀಟರಿನ ಸ್ಟೀಲ್ ಟೇಪು, 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಸುತ್ತಿಗೆ, ಕಣ್ಣಿಗೆ ಕನ್ನಡಕ, ಕಣದ ಗಾತ್ರ ಹೋಲಿಸುವ ಕಾರ್ಡು, ಸಣ್ಣ ಬಾಟಲಿಯಲ್ಲಿ ಶೇಕಡಾ 10ರ ಹೈಡ್ರೊಕ್ಲೋರಿಕ್ ಆಸಿಡ್, ಮಾದರಿ ಚೀಲ, ಮಾರ್ಕರ್, ಗಟ್ಟಿ ರಟ್ಟಿನ ನೋಟ್‌ಬುಕ್, ಎರಡು ಪೆನ್ಸಿಲ್. ಪೆನ್ನು ಬೇಡ. ಬೆವರು ಬಿದ್ದರೆ ಶಾಯಿ ಹರಡಿ ಹೋಗುತ್ತದೆ. 2ಎಚ್ ಪೆನ್ಸಿಲ್ ಗೀಚು ಹಾಗೇ ಉಳಿಯುತ್ತದೆ.

ಜೊತೆಗೆ ಒಂದು ಕೋಲು. ನೇರವಾದದ್ದು, 1.5 ಮೀಟರ್ ಉದ್ದದ್ದು, 10 ಸೆಂಟಿಮೀಟರಿಗೊಂದು ಬಣ್ಣದ ಗೆರೆ ಎಳೆದದ್ದು. ಇದನ್ನು ಜೇಕಬ್ ಸ್ಟಾಫ್ ಅನ್ನುತ್ತಾರೆ. ಪಿವಿಸಿ ಪೈಪಿನಿಂದ ಮನೆಯಲ್ಲೇ ಮಾಡಿಕೊಳ್ಳಬಹುದು. ನನ್ನ ಕೋಲು ಹಾಗೆ ಮಾಡಿದ್ದೇ.

ಟೇಪಿನ ಸೊನ್ನೆ ಎಲ್ಲಿದೆ ಎಂದು ಮನೆಯಲ್ಲೇ ನೋಡಿಕೊಳ್ಳಿ. ಕೆಲವು ಟೇಪಿನಲ್ಲಿ ತುದಿಯ ಉಂಗುರದಿಂದಲೇ ಸೊನ್ನೆ ಶುರು, ಕೆಲವಲ್ಲಿ ಸ್ವಲ್ಪ ಒಳಗೆ. ಹಳೇ ಟೇಪಿನ ತುದಿ ಕಿತ್ತು ಹೋಗಿ ಯಾರೋ ಗಂಟು ಹಾಕಿರುತ್ತಾರೆ. ಪ್ರತಿ ಅಳತೆಯಲ್ಲೂ 8 ಸೆಂಟಿಮೀಟರ್ ಕಳ್ಳತನವಾದರೆ 20 ಪದರಕ್ಕೆ ಒಂದೂವರೆ ಮೀಟರ್ ಮಾಯ!

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್-ಮೇನಲ್ಲಿ ಆ ಬಂಡೆ ಕಾದ ರೊಟ್ಟಿ ಹೆಂಚು. ಬುತ್ತಿ, ಮೂರು ಲೀಟರ್ ನೀರು, ಟೋಪಿ ಮರೆಯಬೇಡಿ. ಬುತ್ತಿಯನ್ನು ಚೀಲದ ಒಳಗೇ ಇಡಿ. ಬಾದಾಮಿಯ ಕೋತಿಗಳಿಗೆ ಭೂವಿಜ್ಞಾನದ ಮೇಲೆ ಗೌರವ ಇಲ್ಲ.

ಜಾಗ ಆರಿಸುವುದು

ಗುಹೆ, ಕೋಟೆ, ಗುಡಿಗಳ ಬಂಡೆಗೆ ಸುತ್ತಿಗೆ ತಾಕಿಸಲೇಬಾರದು. ಅದು ಸಂರಕ್ಷಿತ ಜಾಗ. ಅಲ್ಲಿ ಕಣ್ಣಿಂದ ಕಲಿಯಿರಿ, ಕೆಲಸ ಬೇರೆ ಕಡೆ ಮಾಡಿ. ರಸ್ತೆಗಾಗಿ ಗುಡ್ಡ ಕಡಿದ ಕಡೆ, ಹಳ್ಳದ ದಂಡೆ, ಕೆಲಸ ನಿಂತ ಕ್ವಾರಿ ಇವು ಚೆನ್ನ. ಹೊಲದ ನಡುವೆ ಹೋಗಬೇಕಾದರೆ ಹೊಲದವರನ್ನು ಕೇಳಿ ಹೋಗಿ. "ಏನ್ ಹುಡ್ಕಾಕತ್ತೀರಿ, ಬಂಗಾರ ಏನು?" ಎಂದು ಕೇಳಿಯೇ ಕೇಳುತ್ತಾರೆ. ನಿಂತು ನಾಲ್ಕು ಮಾತು ಹೇಳಿ. ಬಾವಿ ತೋಡುವಾಗ ಎಷ್ಟು ಆಳಕ್ಕೆ ಯಾವ ಕಲ್ಲು ಬಂತು ಎಂದು ಅವರೇ ಹೇಳುತ್ತಾರೆ. ಅದನ್ನೂ ಬರೆದುಕೊಳ್ಳಿ, ಆದರೆ "ಕೇಳಿದ್ದು" ಎಂದು ಗುರುತು ಹಾಕಿ.

ಕಡಿದಾದ ಬಂಡೆಯ ಕೆಳಗೆ ನಿಲ್ಲುವ ಮೊದಲು ತಲೆ ಎತ್ತಿ ನೋಡಿ. ಸಡಿಲ ಕಲ್ಲು ಇದೆಯೇ? ಹೆಜ್ಜೇನು ಇದೆಯೇ? ಹೆಜ್ಜೇನಿನ ಹುಟ್ಟಿನ ಕೆಳಗೆ ಸುತ್ತಿಗೆ ಸದ್ದು ಮಾಡುವುದು ಎಂಥ ಅಪಾಯ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಎಷ್ಟೇ ಒಳ್ಳೆಯ ಪದರ ಇದ್ದರೂ ಆ ಜಾಗ ಬಿಟ್ಟುಬಿಡಿ.

ಮೊದಲ ಅರ್ಧ ಗಂಟೆ ಅಳೆಯಬೇಡಿ

ಬಂದ ಕೂಡಲೇ ಟೇಪು ಬಿಚ್ಚುವ ಆಸೆ ಎಲ್ಲರಿಗೂ ಇರುತ್ತದೆ. ತಡೆಯಿರಿ. ಹಿಂದೆ ಸರಿದು, ಇಡೀ ಬಂಡೆ ಕಾಣುವ ಕಡೆ ನಿಂತು ಒಂದು ಚಿತ್ರ ಬಿಡಿಸಿ. ಚಂದ ಬರಬೇಕಿಲ್ಲ. ದೊಡ್ಡ ಗೆರೆಗಳು, ಗಿಡ ಮುಚ್ಚಿದ ಭಾಗ, ಮುರಿದು ಜಾರಿದ ಕಡೆ, ನೀವು ಹತ್ತುವ ದಾರಿ ಇಷ್ಟಿದ್ದರೆ ಸಾಕು. ಪದರಗಳು ಉದ್ದಕ್ಕೂ ಒಂದೇ ದಪ್ಪ ಇವೆಯೇ, ಒಂದು ಕಡೆ ತೆಳುವಾಗಿ ಮುಗಿದು ಹೋಗುತ್ತವೆಯೇ? ನಡುವೆ ಎಲ್ಲಾದರೂ ಬಿರುಕು ಬಿಟ್ಟು ಒಂದು ಭಾಗ ಕೆಳಗೆ ಕುಸಿದಿದೆಯೇ? ಹಾಗೆ ಕುಸಿದಿದ್ದರೆ ಒಂದೇ ಪದರವನ್ನು ಎರಡು ಸಲ ಎಣಿಸಿಬಿಡುತ್ತೀರಿ.

ಈಗ ಮುಖ್ಯ ಪ್ರಶ್ನೆ: ಇದರಲ್ಲಿ ನಿಜವಾದ ಪದರದ ಗೆರೆ ಯಾವುದು? ಬಾದಾಮಿಯ ಮರಳುಗಲ್ಲಿನಲ್ಲಿ ಮೂರು ಗೆರೆಗಳು ಹೊಸಬರನ್ನು ಮೋಸ ಮಾಡುತ್ತವೆ.

ಒಂದು, ಸೀಳುಗಳು. ಬಂಡೆಯನ್ನು ಮೇಲಿಂದ ಕೆಳಗೆ ಕತ್ತರಿಸಿದಂತೆ ಕಾಣುವ ಉದ್ದ ಬಿರುಕುಗಳು. ಇವನ್ನು ಬೇಗ ಗುರುತಿಸಬಹುದು. ಬಿರುಕಿನ ಎರಡೂ ಬದಿಗೆ ಒಂದೇ ಕಲ್ಲು ಇರುತ್ತದೆ.

ಎರಡು, ಬಣ್ಣದ ಪಟ್ಟೆಗಳು. ಕಬ್ಬಿಣದ ಅಂಶ ಇರುವ ನೀರು ಕಲ್ಲೊಳಗೆ ಇಳಿದು ಕೆಂಪು, ಹಳದಿ, ನೇರಳೆ ಪಟ್ಟೆ ಮೂಡಿಸುತ್ತದೆ. ಕೆಲವು ಪಟ್ಟೆ ಪದರದ ಜೊತೆಗೇ ಸಾಗುತ್ತವೆ, ಕೆಲವು ಪದರವನ್ನು ದಾಟಿ ಸೊಟ್ಟಗೆ ಹೋಗುತ್ತವೆ. ಲೆನ್ಸ್ ಹಿಡಿದು ನೋಡಿ. ಕಣದ ಗಾತ್ರ ಬದಲಾಗದೆ ಬಣ್ಣ ಮಾತ್ರ ಬದಲಾಗಿದ್ದರೆ ಅದನ್ನು ಪದರ ಎಂದು ನಂಬಬೇಡಿ.

ಮೂರನೆಯದು ನನ್ನನ್ನು ಕೆಡವಿದ್ದು: ಓರೆ ಗೆರೆ, ಅಂದರೆ ಕ್ರಾಸ್ ಬೆಡ್ಡಿಂಗ್. ಹೊಳೆಯ ತಳದಲ್ಲಿ ಮರಳು ಸಣ್ಣ ಸಣ್ಣ ದಿಬ್ಬಗಳಾಗಿ ಮುಂದೆ ಸರಿಯುತ್ತದೆ. ದಿಬ್ಬದ ಮುಂಬದಿಯಿಂದ ಮರಳು ಜಾರಿ ಜಾರಿ ಇಳಿಜಾರು ಪದರಗಳಾಗಿ ಕೂರುತ್ತದೆ. ಹಾಗಾಗಿ ಮಟ್ಟಸವಾದ ಒಂದು ದಪ್ಪ ಪದರದ ಹೊಟ್ಟೆಯೊಳಗೆ 20, 25 ಡಿಗ್ರಿ ವಾಲಿದ ತೆಳು ಗೆರೆಗಳು ಇರುತ್ತವೆ. ಹಳ್ಳದ ತಳದಲ್ಲಿ ನಿಂತು ಕಾಲಡಿ ನೋಡಿದರೆ ಆ ಓರೆ ಗೆರೆಗಳೇ ಎದ್ದು ಕಾಣುತ್ತವೆ. ನಾನು ಕಂಪಾಸ್ ಇಟ್ಟದ್ದು ಅವುಗಳ ಮೇಲೆ. ಹೊರಗಿನ ಎರಡು ಅಂಚು ನೋಡಬೇಕಿತ್ತು, ಒಳಗಿನ ಗೆರೆ ನೋಡಿದೆ. 100 ಮೀಟರಿಗೆ 20 ಡಿಗ್ರಿಯ ಸೈನ್ ಗುಣಿಸಿದರೆ 34.2. ಅದೇ 3 ಡಿಗ್ರಿಗೆ 5.2. ಏಳು ಪಟ್ಟು ಹತ್ತಿರ ತಪ್ಪು.

ಇದೇ ಓರೆ ಗೆರೆ ಒಂದು ಉಪಕಾರವನ್ನೂ ಮಾಡುತ್ತದೆ. ಅದರ ಕೆಳತುದಿ ಮೆಲ್ಲಗೆ ಬಾಗಿ ತಳಕ್ಕೆ ಸೇರಿಕೊಳ್ಳುತ್ತದೆ, ಮೇಲ್ತುದಿಯನ್ನು ಮುಂದಿನ ಪದರ ಕತ್ತಿಯಿಂದ ಕತ್ತರಿಸಿದ ಹಾಗೆ ಕತ್ತರಿಸಿರುತ್ತದೆ. ಹಾಗಾಗಿ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುತ್ತದೆ. ಬಾದಾಮಿಯ ಮಟ್ಟಸ ಪದರದಲ್ಲಿ ಇದು ಬೇಡವೇ ಬೇಡ ಅನ್ನಿಸಬಹುದು. ಆದರೆ ಬಾಗಲಕೋಟೆ ಗುಂಪಿನ ಮಡಿಕೆಗಳಲ್ಲಿ ಪದರ ನೆಟ್ಟಗೆ ನಿಂತಿರುವ ಕಡೆ ಇದು ಇಲ್ಲದೆ ಕೆಲಸ ಸಾಗದು. ನೀರಿನ ಅಲೆಯ ಗುರುತು, ಕೆಸರು ಒಣಗಿ ಬಿಟ್ಟ ಬಿರುಕು, ಕೆಳಗೆ ದಪ್ಪ ಕಣ ಇದ್ದು ಮೇಲಕ್ಕೆ ಸಣ್ಣದಾಗುವುದು, ಡಾಲಮೈಟಿನಲ್ಲಿ ಮೇಲಕ್ಕೆ ಉಬ್ಬಿದ ಸ್ಟ್ರೊಮಾಟೊಲೈಟ್ (ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುಬ್ಬಟೆ) ಇವೂ ಮೇಲು-ಕೆಳಗು ಹೇಳುತ್ತವೆ.

ವಾಲಿಕೆ ಅಳೆಯುವುದು

ಪದರದ ನಿಜವಾದ ಮೇಲ್ಮೈ ಸಿಕ್ಕಿತು ಅಂದುಕೊಳ್ಳಿ. ಬಾಟಲಿಯಿಂದ ಒಂದು ಗುಟುಕು ನೀರು ಅದರ ಮೇಲೆ ಸುರಿಯಿರಿ. ವಾಲಿಕೆಗೆ ಡಿಪ್ ಅನ್ನುತ್ತಾರೆ. ನೀರು ಓಡುವ ದಿಕ್ಕೇ ಡಿಪ್‌ನ ದಿಕ್ಕು. ಅದಕ್ಕೆ ಅಡ್ಡವಾಗಿ, ಪದರದ ಮೇಲೆಯೇ ಮಟ್ಟಸವಾಗಿ ಎಳೆದ ಗೆರೆ ಸ್ಟ್ರೈಕ್. ನೀರು ಓಡಿದ ಗೆರೆಯ ಮೇಲೆ ಕ್ಲೈನೊಮೀಟರ್ ಇಟ್ಟರೆ ಡಿಪ್ ಎಷ್ಟು ಎಂದು ಸಿಗುತ್ತದೆ. ಮೇಲ್ಮೈ ಉಬ್ಬುತಗ್ಗು ಇದ್ದರೆ ಮೊದಲು ನೋಟ್‌ಬುಕ್ಕಿನ ರಟ್ಟು ಇಟ್ಟು ಅದರ ಮೇಲೆ ಅಳೆಯಿರಿ.

ಐದಾರು ಕಡೆ ಅಳೆಯಿರಿ. ಒಂದೇ ಅಳತೆಯನ್ನು ನಂಬುವುದು ಒಂದೇ ಅಗುಳು ನೋಡಿ ಅನ್ನ ಬೆಂದಿದೆ ಅಂದ ಹಾಗೆ. ಅನ್ನಕ್ಕೆ ಅದು ಸರಿ, ಬಂಡೆಗೆ ಸರಿಯಲ್ಲ.

ಬರೆಯುವಾಗ ದಿಕ್ಕಿಗೆ ಮೂರು ಅಂಕಿ, ವಾಲಿಕೆಗೆ ಎರಡು ಅಂಕಿ ಎಂದು ರೂಢಿ ಮಾಡಿಕೊಳ್ಳಿ. 095/08 ಎಂದು ಬರೆದರೆ 95 ಡಿಗ್ರಿಯ ಕಡೆಗೆ 8 ಡಿಗ್ರಿ ವಾಲಿದೆ ಎಂದು ಯಾವಾಗ ನೋಡಿದರೂ ಗೊತ್ತಾಗುತ್ತದೆ. ಮೂರು ಅಂಕಿ ಸ್ಟ್ರೈಕಿನದೋ ಡಿಪ್ ದಿಕ್ಕಿನದೋ ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಕಂಪಾಸ್ ಹತ್ತಿರ ಸುತ್ತಿಗೆ ಇರಬಾರದು. ಫೋನೂ ಬೇಡ. ಮರಳುಗಲ್ಲಿನಲ್ಲಿ ಕಂಪಾಸ್ ನಂಬಬಹುದು. ಸಂಡೂರಿನಂಥ ಅದಿರಿನ ಗುಡ್ಡಗಳಲ್ಲಿ ಕಲ್ಲೇ ಮುಳ್ಳನ್ನು ಎಳೆದುಬಿಡುತ್ತದೆ. ಅಲ್ಲಿ ದೂರದ ಗುರುತುಗಳನ್ನು ನಕ್ಷೆಗೆ ತಾಳೆ ನೋಡಿ ದಿಕ್ಕು ಹಿಡಿಯಬೇಕು.

ದಪ್ಪ ಅಳೆಯಲು ಮೂರು ದಾರಿ

ದಪ್ಪ ಅಂದರೆ ಪದರದ ತಳದಿಂದ ಮೇಲ್ಮೈಗೆ ನೆಟ್ಟಗೆ, ಪದರಕ್ಕೆ ಲಂಬವಾಗಿ ಇರುವ ದೂರ. ನೆಲದ ಮೇಲೆ ಪದರ ಎಷ್ಟು ಅಗಲ ಹರಡಿದೆ ಎಂಬುದು ಬೇರೆ. ಈರುಳ್ಳಿಯನ್ನು ನೇರ ಕೊಯ್ದರೆ ಸಿಪ್ಪೆ ತೆಳುವಾಗಿ ಕಾಣುತ್ತದೆ, ಓರೆ ಕೊಯ್ದರೆ ಅದೇ ಸಿಪ್ಪೆ ಅಗಲ ಕಾಣುತ್ತದೆ. ನೆಲ ಬಂಡೆಯನ್ನು ಹೆಚ್ಚಾಗಿ ಓರೆಯಾಗಿಯೇ ಕೊಯ್ದಿರುತ್ತದೆ.

ಮೊದಲ ದಾರಿ ನೇರ ಅಳತೆ. ಪದರ ಕೈಗೆ ಸಿಗುವ ಹಾಗಿದ್ದು, ಅಂಚು ಎರಡೂ ಕಾಣುತ್ತಿದ್ದರೆ ಸ್ಟೀಲ್ ಟೇಪನ್ನು ಪದರಕ್ಕೆ ಲಂಬವಾಗಿ ಹಿಡಿದು ಅಳೆದುಬಿಡಿ. ಲೆಕ್ಕ ಏನೂ ಬೇಡ. ಇದು ಸಾಧ್ಯವಿರುವ ಕಡೆ ಬೇರೆ ದಾರಿ ಹಿಡಿಯಬೇಡಿ. ನೆಟ್ಟಗೆ ನಿಂತ ಬಂಡೆಯ ಮೇಲೆ ಟೇಪನ್ನು ಮೇಲಿಂದ ಕೆಳಗೆ ಇಳಿಬಿಟ್ಟು ಅಳೆದರೆ, ಬಂದ ಎತ್ತರಕ್ಕೆ ಡಿಪ್‌ನ ಕೊಸೈನ್ ಗುಣಿಸಬೇಕು. 12 ಮೀಟರ್ ಎತ್ತರ, 5 ಡಿಗ್ರಿ ವಾಲಿಕೆ ಇದ್ದರೆ 11.95 ಮೀಟರ್. ಬಾದಾಮಿಯಲ್ಲಿ ಈ ವ್ಯತ್ಯಾಸ ತಲೆಕೆಡಿಸಿಕೊಳ್ಳುವಷ್ಟು ದೊಡ್ಡದಲ್ಲ.

ಎರಡನೆಯದು ಕೋಲಿನ ದಾರಿ. ನನಗೆ ಇದೇ ಇಷ್ಟ. ಕೋಲಿನ ಬುಡವನ್ನು ಪದರದ ತಳದಲ್ಲಿ ಇಡಿ. ಪದರ ಯಾವ ಕಡೆ ವಾಲಿದೆಯೋ ಆ ಕಡೆಗೆ ಕೋಲಿನ ತುದಿಯನ್ನು ಅಷ್ಟೇ ಡಿಗ್ರಿ ವಾಲಿಸಿ. ಆಗ ಕೋಲು ಪದರಕ್ಕೆ ಲಂಬವಾಗುತ್ತದೆ. ತುದಿಯಲ್ಲಿ ಕಣ್ಣಿಟ್ಟು, ಕ್ಲೈನೊಮೀಟರನ್ನು ಡಿಪ್‌ನ ಕೋನಕ್ಕೆ ಇಟ್ಟುಕೊಂಡು, ಪದರ ಇಳಿಯುವ ದಿಕ್ಕಿಗೇ ನೋಡಿ. ನೋಟ ನೆಲಕ್ಕೆ ತಾಕುವ ಜಾಗವನ್ನು ಗುರುತಿಸಿ. ತಳದಿಂದ ಅಲ್ಲಿಗೆ 1.5 ಮೀಟರ್ ದಪ್ಪ ಆಯಿತು. ಆ ಜಾಗಕ್ಕೆ ಹೋಗಿ ಕೋಲು ಊರಿ ಮತ್ತೆ ಅದನ್ನೇ ಮಾಡಿ. 14 ಸಲ ಊರಿ, ಕೊನೆಗೆ 60 ಸೆಂಟಿಮೀಟರ್ ಉಳಿದರೆ 21 ಕೂಡಿಸು 0.6, ಅಂದರೆ 21.6 ಮೀಟರ್. ಎಷ್ಟನೇ ಸಲ ಎಂದು ಮರೆಯುವುದು ಗ್ಯಾರಂಟಿ. ಹಾಗಾಗಿ ಪ್ರತಿ ಸಲ ಪುಸ್ತಕದಲ್ಲಿ ಒಂದು ಗೀಟು ಹಾಕಿ, ಅಥವಾ ಜೇಬಿಗೆ ಒಂದು ಹರಳು ಹಾಕಿಕೊಳ್ಳಿ.

ಪದರ ಮಟ್ಟಸವಾಗಿದ್ದರೆ ಕೋಲೂ ಬೇಡ. ಕಾಲಿನಿಂದ ಕಣ್ಣಿನವರೆಗೆ ನಿಮ್ಮ ಎತ್ತರ ಎಷ್ಟು ಎಂದು ಅಳೆದಿಟ್ಟುಕೊಳ್ಳಿ. ಶೂ ಹಾಕಿಕೊಂಡು ಅಳೆಯಿರಿ! ಕ್ಲೈನೊಮೀಟರನ್ನು ಸೊನ್ನೆಗೆ ಇಟ್ಟು ಎದುರಿನ ಗುಡ್ಡದ ಮೈಗೆ ಮಟ್ಟಸವಾಗಿ ನೋಡಿ, ಆ ಜಾಗಕ್ಕೆ ಹತ್ತಿ ನಿಂತು ಮತ್ತೆ ನೋಡಿ. ಹೀಗೆ ಹತ್ತುತ್ತಾ ಹೋದರೆ ಗುಡ್ಡದ ಪದರಗಳೆಲ್ಲ ಲೆಕ್ಕಕ್ಕೆ ಸಿಗುತ್ತವೆ.

ಮೂರನೆಯದು ನೆಲದ ಮೇಲೆ ಟೇಪು ಹಿಡಿಯುವುದು. ಟೇಪನ್ನು ಸ್ಟ್ರೈಕಿಗೆ ಅಡ್ಡವಾಗಿ ಹಿಡಿಯಿರಿ. ನೆಲ ಮಟ್ಟಸ ಇದ್ದರೆ ದಪ್ಪ ಅಂದರೆ ಅಗಲ ಗುಣಿಸು ಡಿಪ್‌ನ ಸೈನ್. 40 ಮೀಟರ್ ಅಗಲ, 30 ಡಿಗ್ರಿ ಡಿಪ್ ಇದ್ದರೆ 20 ಮೀಟರ್ ದಪ್ಪ. ಟೇಪು ನೇರ ಅಡ್ಡ ಹಿಡಿಯಲು ಆಗದೆ ಸ್ಟ್ರೈಕಿಗೆ 60 ಡಿಗ್ರಿ ಕೋನದಲ್ಲಿ ಹೋದರೆ, ಮಟ್ಟಸ ನೆಲದಲ್ಲಿ 60 ಡಿಗ್ರಿಯ ಸೈನ್ ಅನ್ನೂ ಗುಣಿಸಿ. 20 ಇದ್ದದ್ದು 17.3 ಆಗುತ್ತದೆ.

ನೆಲ ಇಳಿಜಾರು ಇದ್ದರೆ ಇಳಿಜಾರಿನ ಕೋನವನ್ನೂ ಅಳೆಯಬೇಕು. ನೆಲ ಒಂದು ಕಡೆ, ಪದರ ಇನ್ನೊಂದು ಕಡೆ ಇಳಿಯುತ್ತಿದ್ದರೆ ಎರಡು ಕೋನ ಕೂಡಿಸಿ. ಎರಡೂ ಒಂದೇ ಕಡೆ ಇಳಿಯುತ್ತಿದ್ದರೆ ದೊಡ್ಡದರಿಂದ ಸಣ್ಣದನ್ನು ಕಳೆಯಿರಿ. ಬಂದ ಕೋನದ ಸೈನ್ ಅನ್ನು ಇಳಿಜಾರಿನ ಮೇಲೆ ಅಳೆದ ದೂರಕ್ಕೆ ಗುಣಿಸಿ. ದೂರ 25 ಮೀಟರ್, ಡಿಪ್ 35, ಇಳಿಜಾರು 10 ಅಂದುಕೊಳ್ಳಿ. ಬೇರೆ ಬೇರೆ ಕಡೆಗಿದ್ದರೆ 45 ಡಿಗ್ರಿಯ ಲೆಕ್ಕ, 17.7 ಮೀಟರ್. ಒಂದೇ ಕಡೆಗಿದ್ದರೆ 25 ಡಿಗ್ರಿಯ ಲೆಕ್ಕ, 10.6 ಮೀಟರ್. ಕೂಡಿಸಬೇಕಾದ ಕಡೆ ಕಳೆದರೆ ಏನಾಗುತ್ತದೆ ನೋಡಿ. ಅದಕ್ಕೇ ಪುಸ್ತಕದಲ್ಲಿ ನೆಲ ಮತ್ತು ಪದರದ ಒಂದು ಸಣ್ಣ ಅಡ್ಡಚಿತ್ರ ಬಿಡಿಸಿಯೇ ಮುಂದೆ ಹೋಗಿ. ಸೂತ್ರ ಮರೆತರೂ ಚಿತ್ರ ನೋಡಿ ಸರಿಮಾಡಬಹುದು.

ಯಾವ ದಾರಿ ಯಾವಾಗ? ಇದು ಪಾಠದಲ್ಲಿ ಕಡಿಮೆ ಹೇಳುವ ವಿಷಯ, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ. ಕಂಪಾಸಿನ ಕೈ ಅಳತೆಯಲ್ಲಿ 2 ಡಿಗ್ರಿ ಆಚೀಚೆ ಆಗುವುದು ಮಾಮೂಲು. ಪದರ 60 ಡಿಗ್ರಿ ವಾಲಿದ್ದರೆ ಇದರಿಂದ ತೊಂದರೆ ಇಲ್ಲ. 100 ಮೀಟರಿಗೆ 86.6 ಬರಬೇಕಾದದ್ದು 62 ಡಿಗ್ರಿ ಹಿಡಿದರೆ 88.3 ಬರುತ್ತದೆ. ಆದರೆ ಪದರ 5 ಡಿಗ್ರಿ ಮಾತ್ರ ವಾಲಿದ್ದರೆ? 8.7 ಬರಬೇಕಾದದ್ದು 3 ಡಿಗ್ರಿ ಹಿಡಿದರೆ 5.2, 7 ಡಿಗ್ರಿ ಹಿಡಿದರೆ 12.2. ಅದೇ ಕೈ, ಅದೇ ಕಂಪಾಸ್, ಉತ್ತರ ಎರಡು ಪಟ್ಟಿಗಿಂತ ಜಾಸ್ತಿ ಓಲಾಡುತ್ತದೆ. ಆದ್ದರಿಂದ ಬಾದಾಮಿ ಗುಂಪಿನ ಮಟ್ಟಸ ಪದರಗಳಲ್ಲಿ ನೆಲದ ಟೇಪನ್ನು ಮರೆತುಬಿಡಿ, ಎತ್ತರ ಅಳೆಯಿರಿ. ಬಾಗಲಕೋಟೆ ಗುಂಪಿನ ವಾಲಿದ ಪದರಗಳಲ್ಲಿ ನೆಲದ ಟೇಪು ಚೆನ್ನಾಗಿ ಕೆಲಸ ಮಾಡುತ್ತದೆ. ನನ್ನ ಹಳ್ಳದಲ್ಲಿ ಓರೆ ಗೆರೆಯ ತಪ್ಪು ಆಗದಿದ್ದರೂ ಉತ್ತರ ನೆಟ್ಟಗೆ ಬರುತ್ತಿರಲಿಲ್ಲ.

ಫೋನಿನ ಜಿಪಿಎಸ್ ತೋರಿಸುವ ಎತ್ತರದಿಂದ ದಪ್ಪ ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಅದು ನಿಂತಲ್ಲೇ ಹಲವು ಮೀಟರ್ ಏರಿಳಿಯುತ್ತದೆ. ಜಾಗ ಗುರುತಿಸಲು ಫೋನು ಸಾಕು, ದಪ್ಪಕ್ಕೆ ಬೇಡ.

ಒಂದು ಪದರ ಎಲ್ಲಿ ಮುಗಿಯಿತು?

ಕಲ್ಲಿನ ಬಗೆ ಬದಲಾದರೆ, ಕಣದ ಗಾತ್ರ ಥಟ್ಟನೆ ಬದಲಾದರೆ, ಅಥವಾ ಒಂದು ಸ್ಪಷ್ಟ ಅಂಚು ಉದ್ದಕ್ಕೂ ಸಾಗಿದ್ದರೆ ಅಲ್ಲಿಗೆ ಹೊಸ ಪದರ. ಆದರೆ ಎಷ್ಟು ಸಣ್ಣದನ್ನು ಬಿಡಿಯಾಗಿ ಬರೆಯಬೇಕು ಎಂದು ಮೊದಲೇ ತೀರ್ಮಾನಿಸಿ. ಕೊನೆಯಲ್ಲಿ 1:50 ಅಳತೆಯಲ್ಲಿ ಚಿತ್ರ ಬರೆಯುವುದಾದರೆ 5 ಸೆಂಟಿಮೀಟರ್ ಪದರ ಕಾಗದದ ಮೇಲೆ 1 ಮಿಲಿಮೀಟರ್. ಅದಕ್ಕಿಂತ ತೆಳುವಾದದ್ದನ್ನು ಗುಂಪು ಮಾಡಿ: "ಶೇಲ್ ಮತ್ತು ಮರಳುಗಲ್ಲು ಒಂದಾದ ಮೇಲೊಂದು, ಒಂದೊಂದು 2ರಿಂದ 4 ಸೆಂ.ಮೀ., ಶೇಲ್ ಜಾಸ್ತಿ, ಮುಕ್ಕಾಲು ಪಾಲು."

ದಪ್ಪಕ್ಕೆ ಎಲ್ಲರೂ ಒಪ್ಪಿದ ಹೆಸರುಗಳಿವೆ. 1 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಲ್ಯಾಮಿನಾ. 1ರಿಂದ 3 ತುಂಬಾ ತೆಳು, 3ರಿಂದ 10 ತೆಳು, 10ರಿಂದ 30 ಮಧ್ಯಮ, 30ರಿಂದ 100 ದಪ್ಪ, ಅದಕ್ಕೂ ಮೇಲೆ ತುಂಬಾ ದಪ್ಪ. ಹೆಸರು ಬರೆದರೂ ಅಂಕಿ ಬಿಡಬೇಡಿ.

ಪದರಕ್ಕೊಂದು ವಿವರ ಬೇಕು. ಮೊದಲು ಸುತ್ತಿಗೆಯಿಂದ ಹೊಸ ಮೈ ಒಡೆದು ನೋಡಿ, ಬಿಸಿಲು-ಮಳೆಗೆ ಮಾಸಿದ ಮೈ ಬಣ್ಣ ಬೇರೆ. ಎರಡೂ ಬಣ್ಣ ಬರೆಯಿರಿ, ಒದ್ದೆಯೋ ಒಣವೋ ಅದನ್ನೂ. ಕಣದ ಗಾತ್ರಕ್ಕೆ ಕಾರ್ಡು ಹಿಡಿದು ಹೋಲಿಸಿ. 2 ಮಿಲಿಮೀಟರ್‌ವರೆಗೆ ಮರಳು, ಅದಕ್ಕಿಂತ ದೊಡ್ಡದಿದ್ದರೆ ಹರಳು, ಗುಂಡುಕಲ್ಲು. ಮರಳಿನಲ್ಲೇ ಕಾಲು ಮಿಲಿಮೀಟರಿನಿಂದ ಅರ್ಧದವರೆಗೆ ಮಧ್ಯಮ, ಅರ್ಧದಿಂದ 1ರವರೆಗೆ ದಪ್ಪ ಕಣ. ಕಣ ಕಣ್ಣಿಗೆ ಕಾಣದಿದ್ದರೆ ಚೂರನ್ನು ಮುಂಬಲ್ಲಿನಲ್ಲಿ ಮೆಲ್ಲಗೆ ಕಡಿದು ನೋಡುವ ಹಳೇ ರೂಢಿ ಇದೆ. ಗರಗರ ಅಂದರೆ ಸಿಲ್ಟ್ (ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡ ಕಣ), ನುಣ್ಣಗಿದ್ದರೆ ಜೇಡಿ. ಆಸಿಡ್ ಹಾಕಿದ ಕಲ್ಲಿಗೆ ಮಾತ್ರ ಈ ಪ್ರಯೋಗ ಬೇಡ!

ಆಸಿಡ್ ಒಂದು ಹನಿ ಸಾಕು. ಬುಸುಗುಟ್ಟಿ ನೊರೆ ಬಂದರೆ ಸುಣ್ಣಕಲ್ಲು. ಬರದಿದ್ದರೆ ಚಾಕುವಿನಿಂದ ಕೆರೆದು ಪುಡಿ ಮಾಡಿ ಹಾಕಿ, ಆಗ ಮೆಲ್ಲಗೆ ನೊರೆ ಬಂದರೆ ಡಾಲಮೈಟ್.

ಅಂಚನ್ನು ಮರೆಯುವವರೇ ಜಾಸ್ತಿ. ಕೆಳಗಿನ ಅಂಚು ಚೂಪಾಗಿದೆಯೋ, ನಿಧಾನವಾಗಿ ಬೆರೆತಿದೆಯೋ, ಕೆಳಗಿನ ಪದರವನ್ನು ಕೊರೆದು ಕೂತಿದೆಯೋ? ಕೊರೆದಿದ್ದರೆ ಅಳೆದ ಜಾಗ ಬದಲಾದ ಹಾಗೆ ದಪ್ಪವೂ ಬದಲಾಗುತ್ತದೆ. ಆಗ ಒಂದು ಅಂಕಿ ಸಾಲದು, "0.40ರಿಂದ 0.75, ಅಳತೆ ಗೆರೆಯ ಮೇಲೆ 0.55" ಎಂದು ಬರೆಯಿರಿ. ಬಾಗಲಕೋಟೆ ಗುಂಪಿನ ವಾಲಿದ ಪದರಗಳ ತಲೆ ಕತ್ತರಿಸಿ ಅದರ ಮೇಲೆ ಬಾದಾಮಿ ಗುಂಪು ಮಟ್ಟಸವಾಗಿ ಕೂತ ಅಂಚು ಸಿಕ್ಕರೆ ಆ ದಿನ ನಿಮ್ಮ ಅದೃಷ್ಟ. ಅಲ್ಲಿ ಗೆರೆಯ ಕೆಳಗೊಂದು, ಮೇಲೊಂದು ಡಿಪ್ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಕೆಳಗಿನ ಡಿಪ್ ಹಿಡಿದು ಮೇಲಿನ ದಪ್ಪ ಲೆಕ್ಕ ಹಾಕಬೇಡಿ. ಆ ಗೆರೆಯಲ್ಲಿ ಕಳೆದುಹೋದ ಕಾಲ ಎಷ್ಟೋ ಇದೆ, ಆದರೆ ನಿಮ್ಮ ಟೇಪಿನಲ್ಲಿ ಅದರ ದಪ್ಪ ಸೊನ್ನೆ.

ಪುಸ್ತಕದ ಪುಟ

ಪುಟದ ತಲೆಯಲ್ಲಿ ದಿನ, ಜಾಗದ ನಂಬರ್, ಜಿಪಿಎಸ್, ಜೊತೆಗಿದ್ದವರು, ಅಳತೆಯ ದಾರಿ ಯಾವುದು, ಡಿಪ್ ಎಷ್ಟು. ಆಮೇಲೆ ಪುಟದ ಕೆಳಗಿನಿಂದ ಮೇಲಕ್ಕೆ ಬರೆಯುತ್ತಾ ಹೋಗಿ. ಮೊದಲು ವಿಚಿತ್ರ ಅನ್ನಿಸುತ್ತದೆ. ಆದರೆ ಕೆಳಗಿನ ಪದರ ಮೊದಲು ಬಂದದ್ದು, ಪುಟವೂ ಬಂಡೆಯ ಹಾಗೇ ಇದ್ದರೆ ತಲೆ ತಿರುಗುವುದಿಲ್ಲ. ಒಂದು ಪುಟ ಹೀಗಿರಬಹುದು. ಇದು ಮಾದರಿಗೆ ನಾನು ಕಟ್ಟಿದ್ದು, ಯಾವ ಜಾಗದ ಅಳತೆಯೂ ಅಲ್ಲ.

ಪದರ 6: 4.40–5.20 (0.80 ಮೀ.) ಮರಳುಗಲ್ಲು, ದಪ್ಪ ಕಣ, ಗುಲಾಬಿ. ಓರೆ ಗೆರೆ, 280 ಕಡೆಗೆ ಇಳಿದಿದೆ. ಮೇಲಂಚು ಕಾಣದು.
ಪದರ 5: 2.95–4.40 (1.45 ಮೀ.) ಮುಚ್ಚಿದೆ. ಕಲ್ಲುಪುಡಿ, ಕುರುಚಲು ಗಿಡ.
ಪದರ 4: 2.60–2.95 (0.35 ಮೀ.) ಶೇಲ್, ನೇರಳೆ, ಪುಡಿಯಾಗುತ್ತದೆ. ಕೆಳಂಚು ಚೂಪು.
ಪದರ 3: 1.25–2.60 (1.35 ಮೀ.) ಮರಳುಗಲ್ಲು, ಮಧ್ಯಮ ಕಣ, ಕೆಂಪು. ಓರೆ ಗೆರೆ. ಫೋಟೊ 11, 12. ಮಾದರಿ 3ಅ.
ಪದರ 2: 0.70–1.25 (0.55 ಮೀ.) ಮರಳುಗಲ್ಲು, ದಪ್ಪ ಕಣ, ಅಲ್ಲಲ್ಲಿ ಬೆಣಚುಕಲ್ಲಿನ ಹರಳು. ಕೆಳಂಚು ಬೆರೆತಿದೆ.
ಪದರ 1: 0–0.70 (0.70 ಮೀ.) ಕಾಂಗ್ಲೊಮರೇಟ್ (ಗುಂಡುಕಲ್ಲುಗಳು ಅಂಟಿಕೊಂಡು ಆದ ಕಲ್ಲು), ಬೆಣಚಿನ ಗುಂಡುಕಲ್ಲು, ದೊಡ್ಡದು 9 ಸೆಂ.ಮೀ. ತಳ ಕಾಣದು.

ಐದನೇ ಪದರ ನೋಡಿದಿರಾ? ಅಲ್ಲಿ ಏನೂ ಕಾಣುವುದಿಲ್ಲ, ಆದರೂ ಅದಕ್ಕೆ ನಂಬರ್ ಇದೆ, ದಪ್ಪ ಇದೆ. ಎರೆಮಣ್ಣು, ಗಿಡ, ಕಲ್ಲುಪುಡಿ ಮುಚ್ಚಿದ ಕಡೆ "ಇಲ್ಲೂ ಮರಳುಗಲ್ಲೇ ಇರಬೇಕು" ಎಂದು ತುಂಬಬೇಡಿ. ಮೆತ್ತಗಿನ ಶೇಲ್ ಬೇಗ ಕರಗಿ ಮುಚ್ಚಿಹೋಗುತ್ತದೆ, ಹಾಗಾಗಿ ಊಹೆ ಎಡವುವ ಜಾಗ ಅದೇ. "ಕಾಣದು" ಎಂದು ಬರೆಯಲು ನಾಚಿಕೆ ಬೇಡ.

ಟೇಪಿನ ಓದು, ಕೋನ, ಲೆಕ್ಕ ಹಾಕಿದ ದಪ್ಪ ಈ ಮೂರೂ ಬೇರೆ ಬೇರೆಯಾಗಿ ಪುಸ್ತಕದಲ್ಲಿರಲಿ. ಬಾಯಲ್ಲೇ ಲೆಕ್ಕ ಮಾಡಿ ಉತ್ತರ ಮಾತ್ರ ಬರೆಯುವವರು ಆಮೇಲೆ ಅಳುತ್ತಾರೆ. ನನ್ನ 34 ಮೀಟರಿನ ಪುಟದಲ್ಲಿ ಟೇಪಿನ 100 ಇತ್ತು, 20 ಡಿಗ್ರಿಯೂ ಇತ್ತು. ಅಳಿಸದೆ 20ರ ಮೇಲೆ ಒಂದು ಗೆರೆ ಎಳೆದು, "ಇದು ಓರೆ ಗೆರೆ" ಎಂದು ಪಕ್ಕದಲ್ಲಿ ಬರೆದೆ. ಆ ಓರೆ ಗೆರೆ ಕೂಡ ವ್ಯರ್ಥವಾಗಲಿಲ್ಲ, ಅಂದಿನ ನೀರು ಯಾವ ಕಡೆ ಹರಿಯುತ್ತಿತ್ತು ಎಂದು ಅದು ಇಳಿದ ದಿಕ್ಕೇ ಹೇಳಿತು. ರಬ್ಬರ್ ಮನೆಯಲ್ಲೇ ಬಿಟ್ಟು ಬನ್ನಿ.

ಇಬ್ಬರು ಕೆಲಸ ಮಾಡುವಾಗ ಅಳೆದವರು ಕೂಗಿದ್ದನ್ನು ಬರೆಯುವವರು ತಿರುಗಿ ಕೂಗಬೇಕು. "ಎರಡು ಮೂವತ್ತು" ಅಂದರೆ 2.30 ಮೀಟರೋ, 2 ಸಲ 30 ಸೆಂಟಿಮೀಟರೋ? ಗಾಳಿಯಲ್ಲಿ "ಆರು" "ನೂರು" ಎರಡೂ ಒಂದೇ ಥರ ಕೇಳುತ್ತವೆ. ಅಂಕಿಯನ್ನು ಬಿಡಿ ಬಿಡಿಯಾಗಿ ಹೇಳಿ: ಎರಡು, ಪಾಯಿಂಟ್, ಮೂರು, ಸೊನ್ನೆ.

ಫೋಟೊದಲ್ಲಿ ಅಳತೆಗೆ ಏನಾದರೂ ಇರಲಿ. 10 ರೂಪಾಯಿ ನಾಣ್ಯ ಆದೀತು, ಅಡ್ಡಳತೆ 27 ಮಿಲಿಮೀಟರ್. ಮಾದರಿ ಕಲ್ಲಿನ ಮೇಲೆ ನಂಬರ್ ಜೊತೆಗೆ ಮೇಲ್ಮುಖದ ಬಾಣ ಹಾಕಿ, ಬಂಡೆಯಿಂದ ಬಿಡಿಸುವ ಮೊದಲೇ. ಬಿಡಿಸಿದ ಮೇಲೆ ಮೇಲು ಯಾವುದು ಎಂದು ಕಲ್ಲು ಹೇಳುವುದಿಲ್ಲ.

ಹೊರಡುವ ಮುನ್ನ ಒಂದು ತಾಳೆ

ಪದರಗಳ ದಪ್ಪ ಕೂಡಿಸಿ. ಮೇಲಿನ ಮಾದರಿಯಲ್ಲಿ ಆರೂ ಸೇರಿ 5.20 ಬರಬೇಕು, ಬರುತ್ತದೆ. ಆಮೇಲೆ ತಳದಿಂದ ತುದಿಗೆ ಬೇರೆ ದಾರಿಯಲ್ಲಿ ಒಂದೇ ಸಲ ಅಳೆಯಿರಿ. ಬಿಡಿಬಿಡಿಯಾಗಿ ಟೇಪಿನಲ್ಲಿ ಅಳೆದಿದ್ದರೆ ಒಟ್ಟನ್ನು ಕೋಲಿನಲ್ಲಿ. ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ಪದರದಷ್ಟು ವ್ಯತ್ಯಾಸ ಬಂದರೆ ಒಂದನ್ನು ಬಿಟ್ಟಿದ್ದೀರಿ ಅಥವಾ ಎರಡು ಸಲ ಎಣಿಸಿದ್ದೀರಿ. ಬೆಳಕಿರುವಾಗಲೇ ಹುಡುಕಿ. ಸಾಧ್ಯವಾದರೆ 50 ಮೀಟರ್ ಆಚೆ ಹೋಗಿ ಅದೇ ಪದರಗಳನ್ನು ಮತ್ತೊಮ್ಮೆ ಅಳೆಯಿರಿ. ನದಿಯ ಮರಳು ಎಲ್ಲೆಡೆ ಒಂದೇ ದಪ್ಪ ಹಾಸಿಕೊಳ್ಳುವುದಿಲ್ಲ ಎಂದು ಅಲ್ಲಿ ಗೊತ್ತಾಗುತ್ತದೆ.

ಚಿತ್ರವನ್ನು ಅದೇ ದಿನ ರಾತ್ರಿ ಬರೆಯಿರಿ. ಗ್ರಾಫ್ ಹಾಳೆಯಲ್ಲಿ ಎತ್ತರಕ್ಕೆ ದಪ್ಪ, ಅಗಲಕ್ಕೆ ಕಣದ ಗಾತ್ರ. ಕಣ ದಪ್ಪ ಇದ್ದಷ್ಟೂ ಪಟ್ಟಿ ಬಲಕ್ಕೆ ಚಾಚಲಿ. ಮರಳುಗಲ್ಲಿಗೆ ಚುಕ್ಕೆ, ಶೇಲಿಗೆ ಸಣ್ಣ ಅಡ್ಡಗೀಟು, ಸುಣ್ಣಕಲ್ಲಿಗೆ ಇಟ್ಟಿಗೆ, ಕಾಂಗ್ಲೊಮರೇಟಿಗೆ ಉಂಡೆ, ಮುಚ್ಚಿದ್ದಕ್ಕೆ ಖಾಲಿ ಪಟ್ಟಿಯಲ್ಲಿ ದೊಡ್ಡ ಗುಣಾಕಾರದ ಗುರುತು. ಬರೆಯುತ್ತಾ ಹೋದ ಹಾಗೆ ಪ್ರಶ್ನೆ ಏಳುತ್ತವೆ: ಮೂರನೇ ಪದರದ ಕೆಳಂಚು ಹೇಗಿತ್ತು? ಮೇಲಿನ ಮಾದರಿಯಲ್ಲಿ ಅದನ್ನು ಬರೆದೇ ಇಲ್ಲ, ತಿರುಗಿ ನೋಡಿ. ಅಂಥವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ನಾಳಿನ ಪುಟಕ್ಕೆ ಅಂಟಿಸಿ. ಬೆಳಿಗ್ಗೆ ಹೊಸ ಜಾಗಕ್ಕೆ ಹೋಗುವ ಮೊದಲು ಆ ಚೀಟಿ ಹಿಡಿದು ಹಳೇ ಬಂಡೆಯ ಹತ್ತಿರ ಹತ್ತು ನಿಮಿಷ ನಿಂತು ಹೋಗಿ.